ಜೇನಿನೊಳಗಿನ ಗ್ಲೂಕೋಸ್

ಕುಳಗಿಯ ಸುತ್ತಲಿನ ಕಾಳಿ ಕಣಿವೆಯ ಕಾಡಿನಲ್ಲಿ ಹೆಜ್ಜೇನು ಎತ್ತರದ ಮರಗಳಲ್ಲಿ ಹುಟ್ಟು ಕಟ್ಟುತ್ತದೆ. ತುಡುವೆಗೆ ಮರದ ಪೊಟರೆಯೇ ಮನೆ. ಎರಡರ ಜೇನುತುಪ್ಪವೂ ಸಕ್ಕರೆಗಳ ಮಿಶ್ರಣ: ಸುಮಾರು ಶೇ. 38 ಫ್ರಕ್ಟೋಸ್, ಶೇ. 31 ಗ್ಲೂಕೋಸ್, ಜೊತೆಗೆ ಸ್ವಲ್ಪ ಸುಕ್ರೋಸ್, ಮಾಲ್ಟೋಸ್. ಉಳಿದದ್ದು ಬಹುಪಾಲು ನೀರು.

ಇದರಲ್ಲಿ ಗ್ಲೂಕೋಸ್ ಎಷ್ಟಿದೆ ಎಂದು ಅಳೆಯುವುದು ಹೇಗೆ? ಕಾಲೇಜಿನಲ್ಲಿ ಮಾಡುವ ಫೆಹ್ಲಿಂಗ್ ಪರೀಕ್ಷೆ ಇಲ್ಲಿ ಸೋಲುತ್ತದೆ. ಗ್ಲೂಕೋಸ್ ಇರಲಿ, ಫ್ರಕ್ಟೋಸ್ ಇರಲಿ, ಅದೇ ಇಟ್ಟಿಗೆ ಕೆಂಪು! ಆದ್ದರಿಂದ ಪ್ರಯೋಗಾಲಯದವರು ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಬಳಸುತ್ತಾರೆ. ಅದು ಫ್ರಕ್ಟೋಸನ್ನು ಮುಟ್ಟದೆ ಗ್ಲೂಕೋಸನ್ನಷ್ಟೇ ಉತ್ಕರ್ಷಿಸಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಪೆರಾಕ್ಸಿಡೇಸ್ ಎಂಬ ಇನ್ನೊಂದು ಕಿಣ್ವ ಆ ಪೆರಾಕ್ಸೈಡ್ ಬಳಸಿ ದ್ರಾವಣಕ್ಕೆ ಗುಲಾಬಿ ಬಣ್ಣ ತರುತ್ತದೆ. ಬಣ್ಣ ಗಾಢವಾದಷ್ಟೂ ಗ್ಲೂಕೋಸ್ ಹೆಚ್ಚು; ವರ್ಣಮಾಪಕ ಅದನ್ನು ಅಂಕಿಯಾಗಿಸುತ್ತದೆ. ರಕ್ತದ ಸಕ್ಕರೆ ಅಳೆಯಲು ಹಲವು ಲ್ಯಾಬುಗಳು ಬಳಸುವುದೂ ಇದೇ ವಿಧಾನ.

ಸೋಜಿಗವೆಂದರೆ, ಲ್ಯಾಬಿನವರು ಸಾಮಾನ್ಯವಾಗಿ ಬೂಷ್ಟಿನಿಂದ ಪಡೆಯುವ ಗ್ಲೂಕೋಸ್ ಆಕ್ಸಿಡೇಸ್ ಜೇನುನೊಣದ ತಲೆಯ ಗ್ರಂಥಿಯಲ್ಲೂ ಇದೆ. ನೊಣ ಅದನ್ನು ಮಕರಂದಕ್ಕೆ ಬೆರೆಸುತ್ತದೆ. ಹುಟ್ಟುವ ಪೆರಾಕ್ಸೈಡ್ ತುಪ್ಪವನ್ನು ಸೂಕ್ಷ್ಮಾಣುಗಳಿಂದ ಕಾಯುತ್ತದೆ.

ಗ್ಲೂಕೋಸ್ ಫ್ರಕ್ಟೋಸಿಗಿಂತ ನೀರಿನಲ್ಲಿ ಕಡಿಮೆ ಕರಗುತ್ತದೆ. ಹಾಗಾಗಿ ತಂಪಿಗೆ ಅದೇ ಮೊದಲು ಹರಳುಗಟ್ಟುತ್ತದೆ. ಬಾಟಲಿಯ ತಳದಲ್ಲಿ ಗಟ್ಟಿಯಾದದ್ದನ್ನು ಬೆಲ್ಲದ ಕಲಬೆರಕೆ ಎಂದು ಚೆಲ್ಲುವವರುಂಟು. ದಯವಿಟ್ಟು ಚೆಲ್ಲಬೇಡಿ, ಬೆಚ್ಚಗಿನ ನೀರಿನಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ.

ಕಾಡಿನಲ್ಲಿ ಹೆಜ್ಜೇನಿನ ಹುಟ್ಟು ಕಂಡರೆ ಸದ್ದು ಮಾಡದೆ ದೂರದಿಂದಲೇ ನೋಡಿ.