ಕಪಿಲೆಯ ದಡದಲ್ಲಿ ಹಾಸಿಗೆ ಹಿಡಿದವರ ಆರೈಕೆ

ಮಲಮೂತ್ರ ತಡೆಯಲಾರದ ಹಿರಿಯರ ಆರೈಕೆ ಕಪಿಲಾ ನದಿಯ ದಡದ ನಂಜನಗೂಡು, ತಿ. ನರಸೀಪುರ ಸೀಮೆಯಲ್ಲಿ ಬಹುಕಾಲ ಮನೆಯೊಳಗೇ, ಹೆಚ್ಚಾಗಿ ಹೆಂಡತಿ, ಸೊಸೆ, ಹೆಣ್ಣುಮಕ್ಕಳ ಕೈಯಲ್ಲೇ ನಡೆಯಿತು. ಒಗೆದೊಗೆದು ಮೆತ್ತಗಾದ ಹಳೆ ಸೀರೆ, ಪಂಚೆಗಳನ್ನು ಮಡಿಸಿ ಹಾಸುತ್ತಿದ್ದರು; ನೆನೆದದ್ದನ್ನು ಹೊಳೆಯಲ್ಲೋ ಬಾವಿಕಟ್ಟೆಯಲ್ಲೋ ಒಗೆದು ಬಿಸಿಲಿಗೆ ಹರಡುತ್ತಿದ್ದರು. ಮಳೆಗಾಲದಲ್ಲಿ ಬಟ್ಟೆ ಒಣಗದೆ ಆ ಹೆಂಗಸರು ಪಟ್ಟ ಪಾಡನ್ನು ಬರೆದಿಟ್ಟವರು ಕಡಿಮೆ. ಅದೊಂದು ದೊಡ್ಡ ಕೊರತೆ.

ನಂಜನಗೂಡಿಗೆ ವೈದ್ಯದ ಹೆಸರೇನೋ ಇತ್ತು: ಬಿ.ವಿ. ಪಂಡಿತರ ಸದ್ವೈದ್ಯಶಾಲೆ 1913ರಲ್ಲೇ ಆರಂಭವಾಗಿ ಹಲ್ಲುಪುಡಿಯಿಂದ ಮನೆಮಾತಾಯಿತು. ಆದರೆ ದಿನನಿತ್ಯದ ಒಗೆತ, ಒರೆಸುವಿಕೆ ಮನೆಯವರದೇ.

ಈ ಕೆಲಸಕ್ಕೆ ಒಂದಿಷ್ಟು ನೆರವು ಹೊರಗಿನಿಂದ ಬಂತು: ಬ್ರಿಟನ್ನಿನಲ್ಲಿ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಪೇಟೆಂಟ್ ಪಡೆದ ರಬ್ಬರ್ ಬಟ್ಟೆ ಕಾಲಾಂತರದಲ್ಲಿ ಆಸ್ಪತ್ರೆಯ ಹಾಸಿಗೆಗೂ ಅಲ್ಲಿಂದ ಮನೆಗಳಿಗೂ ಬಂದು ಹಾಸಿಗೆಯನ್ನು ಉಳಿಸಿತು. ಮೈ ಒದ್ದೆಯಾಗುವುದನ್ನು ಮಾತ್ರ ತಪ್ಪಿಸಲಿಲ್ಲ. ಈಗ ಔಷಧದಂಗಡಿಯಲ್ಲಿ ವಯಸ್ಕರ ಡೈಪರ್ ಸಿಗುತ್ತದೆ. ಅದರ ಖರ್ಚು ಭರಿಸಲಾಗದ ಮನೆಗಳಲ್ಲಿ ಹಳೆಯ ಹತ್ತಿಬಟ್ಟೆಯೇ ಇಂದಿಗೂ ಆಸರೆ.