ಪರಿಷೆ ರಾತ್ರಿ ಕಂಡ ದೀಪದ ಸಾಲು

ಕಾರ್ತಿಕದ ಕೊನೇ ಸೋಮವಾರ, ಬಸವನಗುಡಿ ಪರಿಷೆಯಲ್ಲಿ ಕಡಲೆಕಾಯಿ ಮೂಟೆ ಇಳಿಸಿ ಕೂತಿದ್ವಿ. ಕತ್ತಲಾಗ್ತಿದ್ದಂಗೆ ದೊಡ್ಡ ಬಸವಣ್ಣನ ಗುಡಿ ಮೇಲೆ ದೀಪದ ಸರವೊಂದು ಸದ್ದಿಲ್ಲದೆ ಸಾಗಿತು. ಕೆಲವರು ಕೈ ಮುಗಿದ್ರು, ಹುಡುಗರು ಕ್ಷಿಪಣಿ ಅಂದ್ರು. ಅವು ಸ್ಟಾರ್‌ಲಿಂಕ್ ಉಪಗ್ರಹಗಳು. ಹೊಸದಾಗಿ ಹಾರಿಸಿದಾಗ ಹಿಂಗೇ ಒಂದರ ಹಿಂದೊಂದು ಹೋಗ್ತವೆ. ನಮಗೆ ಹೊತ್ತು ಮುಳುಗಿದ್ರೂ ಅಷ್ಟೆತ್ತರದಲ್ಲಿ ಇನ್ನೂ ಬಿಸಿಲು, ಅದಕ್ಕೇ ಆ ಹೊಳಪು. 2019ರ ಮೇನಲ್ಲಿ ಇಂಥವು 60 ಒಂದೇ ಸಲಕ್ಕೆ ಹೋದ್ವು.

"ಇದ್ರಲ್ಲಿ ನಮ್ದು ಯಾವುದು?" ಅಂದ್ರು ಪಕ್ಕದ ಮೂಟೆಯವರು.

ಒಂದೂ ಇಲ್ಲ. ನಮ್ಮ ಮೊದಲನೇದು ಒಂಟಿಯಾಗೇ ಹೋಗಿತ್ತು. ಇದೇ ಊರಿನ ಪೀಣ್ಯದ ಶೆಡ್ಡುಗಳಲ್ಲಿ, ಉಡುಪಿ ಕಡೆಯ ಯು.ಆರ್. ರಾವ್ ಅವರ ತಂಡ ಕಟ್ಟಿದ ಆರ್ಯಭಟ. ತೂಕ 360 ಕೆಜಿ, ಅಂದ್ರೆ ಮೂರೂವರೆ ಕ್ವಿಂಟಾಲಿಗಿಂತ ಚೂರು ಹೆಚ್ಚು. ಹಾರಿಸೋಕೆ ನಮ್ಮಲ್ಲಿ ರಾಕೆಟ್ ಇರಲಿಲ್ಲ. 1975ರ ಏಪ್ರಿಲ್ 19ರಂದು ಸೋವಿಯತ್ತಿನವರದು ಹೊತ್ತೊಯ್ದಿತು. ನಾಲ್ಕೈದು ದಿನಕ್ಕೇ ವಿದ್ಯುತ್ ಕೈಕೊಟ್ಟು ಪ್ರಯೋಗಗಳು ನಿಂತವು. ಆದ್ರೂ ಎರಡು ರೂಪಾಯಿ ನೋಟಿನ ಮೇಲೆ ಅದರ ಚಿತ್ರ ಬಂತು. ಆ ನೋಟು ಎಣಿಸಿದ ಕೈಗಳು ನಮ್ಮಲ್ಲಿ ಇನ್ನೂ ಇವೆ.

ಬಿತ್ತನೆ ಮುಂಚೆ ನಾವು ಮೊಬೈಲಲ್ಲಿ ನೋಡೋ ಮೋಡದ ಚಿತ್ರ ಕಳಿಸೋ ಇನ್ಸಾಟ್‌ಗಳು ಆರ್ಯಭಟನ ನಂತರದ ಪೀಳಿಗೆಯವು. ಸುಮಾರು 36,000 ಕಿಲೋಮೀಟರ್ ಮೇಲಿವೆ, ಬರಿಗಣ್ಣಿಗೆ ಕಾಣಲ್ಲ. ಇದನ್ನ ಹೇಳಿ ಮುಗಿಸೋದ್ರೊಳಗೆ ಆ ಸಾಲೂ ಮರೆಯಾಗಿತ್ತು.