ಹನ್ನೊಂದು ದಿನದ ಲೆಕ್ಕ

ಅಧಿಕ ಮಾಸ ಬಂತೆಂದರೆ ನಮ್ಮಜ್ಜಿ 33 ಕಜ್ಜಾಯ ಕರಿದು ದಾನ ಕೊಡುತ್ತಿದ್ದರು. "ಇದೆಲ್ಲಾ ಎಂಥಾ ಮೂಢನಂಬಿಕೆ ಅಜ್ಜಿ" ಅಂತ ಇಂಜಿನಿಯರಿಂಗ್ ಓದುವಾಗ ರೇಗಿಸುತ್ತಿದ್ದೆ. ಆಮೇಲೆ ಆಫೀಸಿನಲ್ಲಿ ಹಬ್ಬಗಳ ದಿನಾಂಕ ಲೆಕ್ಕ ಹಾಕುವ ಕೋಡ್ ಬರೆಯೋದು ನನ್ನ ತಲೆಗೇ ಬಿತ್ತು ನೋಡಿ! :)

ತಲೆನೋವು ಎಲ್ಲಾ ಧರ್ಮಕ್ಕೂ ಒಂದೇ. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ, ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ನಮ್ಮಲ್ಲಿ ಸೂರ್ಯ ರಾಶಿ ಬದಲಿಸದ ಚಾಂದ್ರಮಾಸವೇ ಅಧಿಕ. 2023ರಲ್ಲಿ ಎರಡು ಶ್ರಾವಣ ಬಂದದ್ದು ಹಾಗೆ. ಯಹೂದಿಗಳು 19 ವರ್ಷದಲ್ಲಿ 7 ಸಲ ಅದಾರ್ ತಿಂಗಳನ್ನು ಎರಡು ಮಾಡುತ್ತಾರೆ, ಪಸ್ಕ ಹಬ್ಬ ವಸಂತದಲ್ಲೇ ಬರಬೇಕಲ್ಲ. ಕ್ರೈಸ್ತರದು ಸೂರ್ಯನ ಕ್ಯಾಲೆಂಡರ್. ಆದರೂ ಈಸ್ಟರ್ ಮಾತ್ರ ಹುಣ್ಣಿಮೆ ನೋಡಿಕೊಂಡೇ!

ರಂಜಾನ್ ಮಾತ್ರ ವರ್ಷವರ್ಷ ಹಿಂದೆ ಸರಿಯುತ್ತದೆ. ಇವರು ತಿದ್ದೋದು ಮರೆತಿದ್ದಾರೆ ಅಂದುಕೊಂಡಿದ್ದೆ. ಮರೆತದ್ದಲ್ಲ, ಬೇಡ ಅಂದದ್ದು. ಹಿಂದೆ ಅರಬರಲ್ಲಿ 'ನಸೀ' ಎಂಬ ಪದ್ಧತಿ ಇತ್ತು. ಯುದ್ಧ ಮಾಡಬಾರದ ಪವಿತ್ರ ತಿಂಗಳನ್ನು ತಮಗೆ ಬೇಕಾದಂತೆ ಮುಂದೂಡುತ್ತಿದ್ದರು. ಕುರಾನ್ ಅದನ್ನು ನಿಷೇಧಿಸಿತು. ಹಾಗಾಗಿ ರಂಜಾನ್ ಎಲ್ಲಾ ಋತುಗಳನ್ನೂ ಸುತ್ತಿ ಸುಮಾರು 33 ವರ್ಷಕ್ಕೆ ಅಲ್ಲಿಗೇ ಮರಳುತ್ತದೆ. ಮೇ ತಿಂಗಳ ಬಿಸಿಲಲ್ಲಿ ಉಪವಾಸ ಕಷ್ಟ ಅಲ್ವಾ ಅಂತ ಪಕ್ಕದ ಸೀಟಿನ ಗೆಳೆಯನನ್ನು ಕೇಳಿದೆ. "ಒಂದೇ ಊರಿನವರಿಗೆ ಯಾವಾಗಲೂ ಬಿಸಿಲು ಯಾಕಪ್ಪಾ? ಎಲ್ಲರಿಗೂ ಹಂಚಿ ಬರಲಿ ಬಿಡು" ಅಂದ.

ಆ 2023ರ ಅಧಿಕ ಶ್ರಾವಣಕ್ಕೆ ಅಜ್ಜಿ ಇರಲಿಲ್ಲ. ಅಮ್ಮ ಕಜ್ಜಾಯ ಕರಿದರು, 33 ಎಣಿಸಿಟ್ಟವನು ನಾನು.